20% ಪ್ಲಾಟಿನಂ ಕಾರ್ಬನ್ ಪುಡಿಗೆ ಇಸಿಎಸ್‌ಎ ಬರೀ 30 ಬರ್ತಿದೆ, ನನ್ನ ಸಿವಿ ಎಲ್ಲಿ ತಪ್ಪಿದೆ?

ತುಂಗಾತೀರ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಫ್ಯುಯಲ್ ಸೆಲ್ ಕ್ಯಾಥೋಡಿಗೆ ಪ್ಲಾಟಿನಂ-ಕೋಬಾಲ್ಟ್ ಮಾಡ್ತಿದ್ದೀನಿ. ಅದನ್ನು ಅಳೆಯೋ ಮುಂಚೆ, ಅಂಗಡಿಯಿಂದ ತಂದ 20% ಪ್ಲಾಟಿನಂ ಕಾರ್ಬನ್ ಪುಡಿಯ ಮೇಲೆ ಸಿವಿ (ಸೈಕ್ಲಿಕ್ ವೋಲ್ಟಾಮೆಟ್ರಿ, ಅಂದ್ರೆ ವೋಲ್ಟೇಜನ್ನು ಮೇಲಕ್ಕೂ ಕೆಳಕ್ಕೂ ಓಡಿಸಿ ಕರೆಂಟ್ ನೋಡೋದು) ಮಾಡಿ ಕೈ ಪಳಗಿಸ್ಕೊಳ್ಳೋಣ ಅಂತ ಕೂತೆ. ಎರಡು ವಾರವಾಯ್ತು, ಅಲ್ಲೇ ಇದ್ದೀನಿ.

ಮಾಡಿದ್ದು ಹೀಗೆ. 5 ಮಿಲಿಮೀಟರ್ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್, ಅಂದ್ರೆ 0.196 ಚದರ ಸೆಂಟಿಮೀಟರ್. 5 ಮಿಲಿಗ್ರಾಂ ಪುಡಿಯನ್ನು 2.55 ಮಿಲಿಲೀಟರ್ ನೀರು, ಐಸೊಪ್ರೊಪನಾಲ್, ಸ್ವಲ್ಪ ನ್ಯಾಫಿಯಾನ್ (ಪುಡಿಯನ್ನು ಹಿಡಿದಿಡೋ ಪಾಲಿಮರ್) ಜೊತೆ ಸೋನಿಕೇಟ್ ಮಾಡಿ (ಶಬ್ದದ ಅಲೆಯಿಂದ ಕಲಸಿ) ಇಂಕ್ ಮಾಡ್ಕೊಂಡು, 10 ಮೈಕ್ರೋಲೀಟರ್ ಹನಿ ಹಾಕಿದೆ. ಲೆಕ್ಕಕ್ಕೆ 3.92 ಮೈಕ್ರೋಗ್ರಾಂ ಪ್ಲಾಟಿನಂ. 0.1 ಮೋಲಾರ್ ಪರ್ಕ್ಲೋರಿಕ್ ಆಸಿಡ್, ರೆಫರೆನ್ಸ್ (ವೋಲ್ಟೇಜ್ ಅಳೆಯೋಕೆ ಆಧಾರದ ಎಲೆಕ್ಟ್ರೋಡ್) ಸಿಲ್ವರ್-ಸಿಲ್ವರ್ ಕ್ಲೋರೈಡ್. ಹತ್ತು ನಿಮಿಷ ನೈಟ್ರೋಜನ್ ಬಿಟ್ಟು, ಸೆಕೆಂಡಿಗೆ 50 ಮಿಲಿವೋಲ್ಟ್ ವೇಗದಲ್ಲಿ −0.15ರಿಂದ 1.0 ವೋಲ್ಟ್‌ವರೆಗೆ ಓಡಿಸಿದೆ.

ಸಾಫ್ಟ್‌ವೇರ್ ಕೊಟ್ಟ ಹೈಡ್ರೋಜನ್ ಏರಿಯಾ 12.4 ಮೈಕ್ರೋಆಂಪಿಯರ್-ವೋಲ್ಟ್. 0.05ರಿಂದ ಭಾಗಿಸಿದರೆ 248 ಮೈಕ್ರೋಕೂಲಂಬ್. 210ರಿಂದ ಭಾಗಿಸಿದರೆ 1.18 ಚದರ ಸೆಂಟಿಮೀಟರ್. ಗ್ರಾಂ ಲೆಕ್ಕಕ್ಕೆ ತಂದರೆ 30 ಚದರ ಮೀಟರ್. ಇದೇ ಇಸಿಎಸ್‌ಎ, ಅಂದ್ರೆ ಕೆಲಸಕ್ಕೆ ಸಿಗೋ ಪ್ಲಾಟಿನಂ ಮೇಲ್ಮೈ. ಇಂಥ ಪುಡಿಗೆ 60ಕ್ಕಿಂತ ಜಾಸ್ತಿ ಬರಬೇಕು ಅಂತ ಎಲ್ಲ ಕಡೆ ಓದಿದ್ದೀನಿ. ಲೆಕ್ಕ ನಾಲ್ಕು ಸಲ ನೋಡಿದೆ, ಸರಿಯಾಗೇ ಇದೆ. ಪುಡಿ ಕೆಟ್ಟಿದೆಯಾ? ಯಾರಾದ್ರೂ ದಾರಿ ತೋರಿಸಿ.

ಹಳೇ_ಮೇಷ್ಟ್ರು · ಸೋಮವಾರ, ರಾತ್ರಿ 10:25

ಪುಡಿ ಕೆಟ್ಟಿದೆ ಅನ್ನೋ ತೀರ್ಮಾನಕ್ಕೆ ಈಗಲೇ ಬರಬೇಡಮ್ಮ. ನೀನು ಲೆಕ್ಕ ಬರೆದಿದ್ದೀಯ, ಗ್ರಾಫ್ ಹೇಗೆ ಕಾಣ್ತಿದೆ ಅಂತ ಒಂದು ಮಾತೂ ಬರೆದಿಲ್ಲ. ನನ್ನ ಹುಡುಗರಿಗೂ ಇದೇ ಹೇಳ್ತಿದ್ದೆ. ಏರಿಯಾ ಅಳೆಯೋದು ಕೊನೇ ಕೆಲಸ. ಅದಕ್ಕೂ ಮುಂಚೆ ಆ ಗೆರೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಒಂದು ಸಲ ಓದಬೇಕು.

ಆರ್‌ಎಚ್‌ಇ ಲೆಕ್ಕದಲ್ಲಿ (ಅದೇ ಆಸಿಡ್‌ನಲ್ಲಿರೋ ಹೈಡ್ರೋಜನ್ ಎಲೆಕ್ಟ್ರೋಡೇ ಸೊನ್ನೆ) ಹೇಳ್ತೀನಿ. ಸುಮಾರು 0.05ರಿಂದ 0.4 ವೋಲ್ಟ್‌ವರೆಗೆ ಹೈಡ್ರೋಜನ್ ಭಾಗ. ಮೇಲಕ್ಕೆ ಹೋಗುವಾಗ ಪ್ಲಾಟಿನಂ ಮೇಲೆ ಕೂತ ಹೈಡ್ರೋಜನ್ ಕಿತ್ತುಬರುತ್ತೆ, ಕೆಳಕ್ಕೆ ಬರುವಾಗ ಮತ್ತೆ ಕೂರುತ್ತೆ. ಅಲ್ಲಿ ಎರಡು ಉಬ್ಬು ಕಾಣಬೇಕು. 0.4ರಿಂದ 0.6ರ ನಡುವೆ ಚಪ್ಪಟೆ ಜಾಗ. ಅದು ಡಬಲ್ ಲೇಯರ್. ಅಲ್ಲಿ ಬರೀ ಚಾರ್ಜ್ ತುಂಬೋದು, ಖಾಲಿಯಾಗೋದು. ಅದರಲ್ಲಿ ಬಹುಪಾಲು ಕಾರ್ಬನ್ನಿನದೇ. 0.8ರ ಆಸುಪಾಸಿನಿಂದ ಮೇಲೆ ಪ್ಲಾಟಿನಂ ಮೇಲೆ ಆಕ್ಸೈಡ್ ಕಟ್ಟಕ್ಕೆ ಶುರುವಾಗುತ್ತೆ. ಮೇಲ್ಮುಖವಾಗಿ ಅದು ನಿಧಾನ, ಉದ್ದಕ್ಕೆ ಹರಡಿರುತ್ತೆ. ವಾಪಸ್ ಬರುವಾಗ ಮಾತ್ರ 0.75-0.8ರ ಹತ್ತಿರ ಒಂದೇ ದೊಡ್ಡ ತಗ್ಗಾಗಿ ಕಳಚುತ್ತೆ.

ಈಗ ಮೂರು ವಿಷಯ ನೋಡಿ ಹೇಳು. ಆ ಚಪ್ಪಟೆ ಜಾಗದಲ್ಲಿ ಮೇಲಿನ ಗೆರೆ ಸೊನ್ನೆಗಿಂತ ಮೇಲೆ, ಕೆಳಗಿನ ಗೆರೆ ಸೊನ್ನೆಗಿಂತ ಕೆಳಗೆ, ಹೆಚ್ಚುಕಮ್ಮಿ ಸಮದೂರದಲ್ಲಿ ಇದೆಯಾ? ಎಡತುದಿಯಲ್ಲಿ ಎರಡೂ ಹೈಡ್ರೋಜನ್ ಉಬ್ಬು ಪೂರ್ತಿ ಕಾಣ್ತಿದೆಯಾ? ಏರಿಯಾ ಅಳೆಯಕ್ಕೆ ತಳದ ಗೆರೆ (ಬೇಸ್‌ಲೈನ್) ಎಲ್ಲಿಂದ ಎಲ್ಲಿಗೆ ಎಳೆದೆ?

ತುಂಗಾತೀರ · ಸೋಮವಾರ, ರಾತ್ರಿ 11:10

ಸರ್, ನೋಡಿದೆ. ಚಪ್ಪಟೆ ಜಾಗದಲ್ಲಿ ಎರಡೂ ಗೆರೆ ಸೊನ್ನೆಗಿಂತ ಕೆಳಗೇ ಇವೆ. ಎಡಕ್ಕೆ ಹೋದಂತೆ ಇಡೀ ಗ್ರಾಫೇ ಕೆಳಕ್ಕೆ ಜಗ್ಗಿದ ಹಾಗಿದೆ. ಎಡತುದಿಯಲ್ಲಿ ಮೊದಲ ಉಬ್ಬು ಅರ್ಧಕ್ಕೇ ಕತ್ತರಿಸಿದಂತಿದೆ. ಏರಿಯಾಗೆ ನಾನು ಎರಡು ಬಿಂದು ಕ್ಲಿಕ್ ಮಾಡಿದೆ, ಸಾಫ್ಟ್‌ವೇರ್ ನಡುವೆ ಗೆರೆ ಎಳೀತು. ಎಡಗಡೆ ಬಿಂದು ಗ್ರಾಫ್ ಶುರುವಾಗೋ ಕಡೆ, ಬಲಗಡೆ ಬಿಂದು ಉಬ್ಬು ಮುಗಿಯೋ ಕಡೆ.

ಹಳೇ_ಮೇಷ್ಟ್ರು · ಸೋಮವಾರ, ರಾತ್ರಿ 11:32

ನೋಡಿದ್ಯಾ, ನೀನೇ ಮೂರು ತಪ್ಪು ಹಿಡಿದುಬಿಟ್ಟೆ.

ಇಡೀ ಗ್ರಾಫ್ ಕೆಳಕ್ಕೆ ಜಗ್ಗಿದೆ ಅಂದ್ರೆ ಆಸಿಡ್‌ನಲ್ಲಿ ಆಕ್ಸಿಜನ್ ಉಳಿದಿದೆ. ಪ್ಲಾಟಿನಂ ಅದನ್ನು ಸುಮ್ನೆ ಬಿಡಲ್ಲ, 0.9ರ ಕೆಳಗೆ ಎಲ್ಲ ಕಡೆ ರಿಡ್ಯೂಸ್ ಮಾಡ್ತಾನೇ ಇರುತ್ತೆ. ಹತ್ತು ನಿಮಿಷ ಸಾಲದು. ಅರ್ಧ ಗಂಟೆ ಬಬಲ್ ಮಾಡು. ಸ್ಕ್ಯಾನ್ ಮಾಡುವಾಗ ನಳಿಕೆಯನ್ನು ದ್ರವದಿಂದ ಮೇಲಕ್ಕೆತ್ತಿ, ಗ್ಯಾಸ್ ಮೇಲ್ಗಡೆ ಹೊದಿಕೆಯ ಹಾಗೆ ಹರಿಯಲಿ. ಸೆಲ್ಲಿನ ಬಾಯಿ ಮುಚ್ಚಿರಲಿ.

ಸಾಫ್ಟ್‌ವೇರ್ ಗೆರೆ ಇನ್ನೂ ದೊಡ್ಡ ಕಳ್ಳ. ಎಡಬಿಂದು ಉಬ್ಬಿನ ಹೆಗಲ ಮೇಲೇ ಕೂತಿದೆ. ಅಲ್ಲಿಂದ ಬಲಕ್ಕೆ ಎಳೆದ ಗೆರೆ ಓರೆಯಾಗುತ್ತೆ, ಅದರ ಕೆಳಗಿನ ತ್ರಿಕೋನ ಪೂರಾ ನಷ್ಟ. 0.4ರಿಂದ 0.5ರ ಚಪ್ಪಟೆ ಜಾಗದ ಮಟ್ಟ ಹಿಡ್ಕೊಂಡು, ಅದನ್ನೇ ಅಡ್ಡಡ್ಡ ಎಡಕ್ಕೆ ಎಳಿ. ಆ ಮಟ್ಟದ ಮೇಲಿರೋದು ಮಾತ್ರ ಹೈಡ್ರೋಜನ್. ಕಾರ್ಬನ್ನಿನ ಚಾರ್ಜ್ ಆ ಗೆರೆಯ ಕೆಳಗೇ ಉಳ್ಕೊಳ್ಳುತ್ತೆ.

ಮೇಲ್ಮುಖ ಏರಿಯಾ, ಕೆಳಮುಖ ಏರಿಯಾ ಎರಡನ್ನೂ ಅಳಿ. ಎರಡೂ ಹತ್ತಿರ ಹತ್ತಿರ ಬರಬೇಕು. ಕೆಳಮುಖದ್ದು ತುಂಬಾ ಜಾಸ್ತಿ ಬಂದ್ರೆ, ಒಂದೋ ಆಕ್ಸಿಜನ್ ಇದೆ, ಇಲ್ಲ ಎಡತುದಿಯಲ್ಲಿ ಹೈಡ್ರೋಜನ್ ಗ್ಯಾಸ್ ಬರಕ್ಕೆ ಶುರುವಾಗಿದೆ ಅಂತ.

ಕೊಪ್ಪದ_ಕೆಮಿಸ್ಟ್ · ಮಂಗಳವಾರ, ಬೆಳಗ್ಗೆ 7:15

ಆ ಅರ್ಧ ಕತ್ತರಿಸಿದ ಉಬ್ಬಿನ ಬಗ್ಗೆ ನಾನು ಹೇಳ್ತೀನಿ. ನೀವು ಸಿಲ್ವರ್ ಕ್ಲೋರೈಡ್‌ನಿಂದ ಆರ್‌ಎಚ್‌ಇಗೆ ಬದಲಾಯಿಸುವಾಗ ಬರೀ 0.197 ಕೂಡಿಸಿದಿರಿ ಅನ್ಸುತ್ತೆ. −0.15ಕ್ಕೆ 0.197 ಕೂಡಿಸಿದ್ರೆ 0.047, ನೋಡಕ್ಕೆ ಸರಿಯಾಗೇ ಇದೆ. ಆದ್ರೆ ಪಿಎಚ್ ಬಿಟ್ಟುಹೋಯ್ತು. 0.1 ಮೋಲಾರ್ ಆಸಿಡ್‌ಗೆ ಪಿಎಚ್ 1, ಅದಕ್ಕೆ ಇನ್ನೊಂದು 0.059 ಸೇರಬೇಕು. ಒಟ್ಟು 0.256. ಅಂದ್ರೆ ನೀವು ಕೆಳಗೆ ತಲುಪಿದ್ದು 0.106 ವೋಲ್ಟ್‌ವರೆಗೆ ಮಾತ್ರ. 0.05ಕ್ಕೂ 0.1ಕ್ಕೂ ನಡುವೆ ಇರೋ ಹೈಡ್ರೋಜನ್ ನಿಮ್ಮ ಅಳತೆಗೇ ಬಂದಿಲ್ಲ.

ಆದ್ರೆ ಪುಸ್ತಕದ 0.256ನ್ನೂ ನಂಬಬೇಡಿ. ನಮ್ಮ ಲ್ಯಾಬಲ್ಲಿ ಒಂದು ಹಳೇ ರೆಫರೆನ್ಸ್ 30 ಮಿಲಿವೋಲ್ಟ್ ಸರಿದಿತ್ತು, ಮೂರು ತಿಂಗಳ ಡೇಟಾ ಹೋಯ್ತು. ಅಂದಿನಿಂದ ನಾನು ಪ್ರತಿ ಸಲ ಅದೇ ಆಸಿಡ್‌ಗೆ ಹೈಡ್ರೋಜನ್ ತುಂಬಿಸಿ, ಪ್ಲಾಟಿನಂ ಎಲೆಕ್ಟ್ರೋಡನ್ನು ನಿಧಾನವಾಗಿ, ಸೆಕೆಂಡಿಗೆ 10 ಮಿಲಿವೋಲ್ಟ್‌ಗಿಂತ ಜೋರಾಗಿ ಅಲ್ಲ, ಸ್ಕ್ಯಾನ್ ಮಾಡ್ತೀನಿ. ಕರೆಂಟ್ ಸೊನ್ನೆ ದಾಟೋ ಜಾಗವೇ ಆರ್‌ಎಚ್‌ಇಯ ಸೊನ್ನೆ. ಕಾಲು ಗಂಟೆ ಕೆಲಸ.

ಇನ್ನೊಂದು ಮಾತು. ಆ ರೆಫರೆನ್ಸನ್ನು ನೇರವಾಗಿ ಸೆಲ್ಲಿನೊಳಗೆ ಇಟ್ಟಿದ್ರೆ ಕ್ಲೋರೈಡ್ ಸೋರುತ್ತೆ. ಅದು ಪ್ಲಾಟಿನಂಗೆ ಗಟ್ಟಿಯಾಗಿ ಅಂಟುತ್ತೆ. ಹೈಡ್ರೋಜನ್ ಏರಿಯಾ ಅಷ್ಟೇನೂ ಕೆಡಲ್ಲ, ಉಬ್ಬುಗಳ ಆಕಾರ ಬದಲಾಗುತ್ತೆ ಅಷ್ಟೆ. ಚೂಪಾಗಿ, ಚೆಂದವಾಗಿಯೇ ಕಾಣುತ್ತೆ. ಅದಕ್ಕೇ ಮೋಸ ಹೋಗೋದು. ಸುಳಿವು ಸಿಗೋದು ಬಲಗಡೆ: ಆಕ್ಸೈಡ್ ತಡವಾಗಿ ಶುರುವಾಗುತ್ತೆ. ನಾಳೆ ನೀವು ಆಕ್ಸಿಜನ್ ರಿಡಕ್ಷನ್ ಅಳೆದಾಗ ಕರೆಂಟ್ ಬಿದ್ದುಹೋಗುತ್ತೆ. ಜೊತೆಗೆ ಒಳಗಿನ ಪೊಟ್ಯಾಸಿಯಂ ಕ್ಲೋರೈಡ್‌ಗೂ ಪರ್ಕ್ಲೋರಿಕ್ ಆಸಿಡ್‌ಗೂ ಆಗಿಬರಲ್ಲ. ಪೊಟ್ಯಾಸಿಯಂ ಪರ್ಕ್ಲೋರೇಟ್ ನೀರಲ್ಲಿ ಹೆಚ್ಚು ಕರಗಲ್ಲ, ರೆಫರೆನ್ಸ್ ತುದಿಯ ಫ್ರಿಟ್ಟಿನಲ್ಲಿ (ಸಣ್ಣ ರಂಧ್ರಗಳಿರೋ ಬಿರಡೆಯಲ್ಲಿ) ಬಿಳೀ ಹರಳಾಗಿ ಕಟ್ಕೊಳ್ಳುತ್ತೆ. ಪೊಟೆನ್ಶಿಯಲ್ ಅಲ್ಲಾಡೋದು ಆಗಲೇ. ಸಾಧ್ಯವಾದ್ರೆ ಆರ್‌ಎಚ್‌ಇಯನ್ನೇ ಇಡಿ. ಇಲ್ಲ ಅಂದ್ರೆ ನಡುವೆ ಆಸಿಡ್ ತುಂಬಿದ ಬ್ರಿಡ್ಜ್ ಇರಲಿ.

ಬಯಲುಸೀಮೆ_ಹುಡುಗ · ಮಂಗಳವಾರ, ಬೆಳಗ್ಗೆ 9:50

ಇಷ್ಟೆಲ್ಲ ಕಷ್ಟ ಯಾಕೆ? ಫೆರಿಸಯನೈಡ್ ಹಾಕಿ, ಬೇರೆ ಬೇರೆ ವೇಗದಲ್ಲಿ ಸಿವಿ ಮಾಡಿ, ರ‍್ಯಾಂಡಲ್ಸ್-ಸೆವ್ಚಿಕ್ ಸೂತ್ರದಿಂದ (ಪೀಕ್ ಕರೆಂಟಿಗೂ ಸ್ಕ್ಯಾನ್ ವೇಗಕ್ಕೂ ಇರೋ ಸಂಬಂಧ) ಏರಿಯಾ ತೆಗೀಬಹುದಲ್ವಾ? ನಾವು ಎಂಎಸ್ಸಿ ಪ್ರಾಜೆಕ್ಟಲ್ಲಿ ಹಾಗೇ ಮಾಡಿದ್ವಿ. ತುಂಬಾ ಪೇಪರುಗಳಲ್ಲೂ ಇದೆ.

ಕೊಪ್ಪದ_ಕೆಮಿಸ್ಟ್ · ಮಂಗಳವಾರ, ಬೆಳಗ್ಗೆ 11:05

ಪೇಪರುಗಳಲ್ಲಿ ಇದೆ, ನಿಜ. ಆದ್ರೂ ಈ ಕೆಲಸಕ್ಕೆ ಅದು ಬೇಡ. ಯಾಕೆ ಅಂದ್ರೆ, ಸೆಕೆಂಡಿಗೆ 50 ಮಿಲಿವೋಲ್ಟ್‌ನಲ್ಲಿ ಫೆರಿಸಯನೈಡ್ ಹರಿದುಬರೋ ಪದರ ಸುಮಾರು 20 ಮೈಕ್ರಾನ್ ದಪ್ಪ. ನಮ್ಮ ಇಂಕ್ ಪದರ ಎರಡು ಮೈಕ್ರಾನ್ ಇದ್ರೆ ಹೆಚ್ಚು. ಅಷ್ಟು ದೂರದಿಂದ ಬರೋ ಅಯಾನಿಗೆ ಪುಡಿಯ ಏರಿಳಿತ ಒಂದೂ ಕಾಣಲ್ಲ. ವಿಮಾನದಿಂದ ನೋಡಿದ್ರೆ ಅಡಕೆ ತೋಟ ಬರೀ ಹಸಿರು ಚಾಪೆ ಅಲ್ವಾ, ಹಾಗೆ. ಕೊನೆಗೆ ಸಿಗೋದು 0.196ರ ಹತ್ತಿರದ ಸಂಖ್ಯೆಯೇ. ಮೇಲಾಗಿ ಅದು ಕಾರ್ಬನ್ ಯಾವುದು, ಪ್ಲಾಟಿನಂ ಯಾವುದು ಅಂತ ಬೇರೆ ಮಾಡಲ್ಲ. ಎರಡರ ಮೇಲೂ ನಡೆಯುತ್ತೆ.

ಬೇರೆ ಬೇರೆ ವೇಗದಲ್ಲಿ ಓಡಿಸೋದು ಒಳ್ಳೇದೇ, ಆದ್ರೆ ಬೇರೆ ಕಾರಣಕ್ಕೆ. ಮೇಲ್ಮೈಗೆ ಅಂಟಿದ ಹೈಡ್ರೋಜನ್ ಆದ್ರೆ ಕರೆಂಟ್ ವೇಗದ ಜೊತೆ ನೇರವಾಗಿ ಏರುತ್ತೆ. ದ್ರವದಿಂದ ಹರಿದುಬರೋದಾದ್ರೆ ವೇಗದ ವರ್ಗಮೂಲದ ಜೊತೆ. ನಿಮ್ಮ ಗ್ರಾಫಿನ ಯಾವ ಭಾಗ ಯಾವ ಜಾತಿಯದು ಅಂತ ಇದರಿಂದ ಗೊತ್ತಾಗುತ್ತೆ.

ಬಯಲುಸೀಮೆ_ಹುಡುಗ · ಮಂಗಳವಾರ, ಬೆಳಗ್ಗೆ 11:20

ಈಗ ಅರ್ಥವಾಯ್ತು ಸರ್. ನಮಗೆ ಇದನ್ನ ಯಾರೂ ಹೇಳಿರಲಿಲ್ಲ. ಮತ್ತೆ ಈ 210 ಎಲ್ಲಿಂದ ಬಂತು? ಎಲ್ಲರೂ ಭಾಗಿಸ್ತಾರೆ, ಯಾಕೆ ಅಂತ ಯಾರೂ ಬರೆಯಲ್ಲ.

ಹಳೇ_ಮೇಷ್ಟ್ರು · ಮಂಗಳವಾರ, ಮಧ್ಯಾಹ್ನ 1:40

ಒಳ್ಳೇ ಪ್ರಶ್ನೆ. ಒಂದು ಚದರ ಸೆಂಟಿಮೀಟರ್ ಪ್ಲಾಟಿನಂ ಮೇಲ್ಮೈಯಲ್ಲಿ ಸುಮಾರು 1.3 × 10¹⁵ ಪರಮಾಣು ಇವೆ ಅಂತ ಇಟ್ಕೊ. ಒಂದೊಂದರ ಮೇಲೂ ಒಂದೊಂದು ಹೈಡ್ರೋಜನ್ ಕೂತಿದೆ, ಕಿತ್ತುಬರುವಾಗ ಒಂದೊಂದು ಎಲೆಕ್ಟ್ರಾನ್ ಕೊಡುತ್ತೆ. ಎಲೆಕ್ಟ್ರಾನಿನ ಚಾರ್ಜ್ 1.6 × 10⁻¹⁹ ಕೂಲಂಬ್‌ನಿಂದ ಗುಣಿಸು. 208 ಮೈಕ್ರೋಕೂಲಂಬ್ ಬರುತ್ತೆ. ಅದನ್ನೇ 210 ಅಂತ ಇಟ್ಟಿದ್ದಾರೆ.

ಅಂದ್ರೆ ಇದು ಒಂದು ಒಪ್ಪಂದ. ಎಲ್ಲ ಮುಖಗಳೂ ಬೆರೆತ ಪ್ಲಾಟಿನಂಗೆ ಸರಾಸರಿ. ವಿಲ್ ಮತ್ತು ಕ್ನಾರ್ ಈ ಹೈಡ್ರೋಜನ್ ಉಬ್ಬುಗಳ ಬಗ್ಗೆ 1960ರಲ್ಲೇ ಬರೆದಿದ್ದರು. ಯಾವ ಉಬ್ಬು ಯಾವ ಮುಖದ್ದು ಅಂತ ಸ್ಪಷ್ಟವಾಗಿದ್ದು, 1980ರಲ್ಲಿ ಕ್ಲಾವಿಲಿಯೆ ಪ್ಲಾಟಿನಂ ಹರಳನ್ನು ಬೆಂಕಿಯಲ್ಲಿ ಕಾಯಿಸಿ ಶುದ್ಧ ಮುಖ ಸಿಗೋ ಹಾಗೆ ಮಾಡಿದ ಮೇಲೆ. ಒಂದೊಂದು ಮುಖದ ಗ್ರಾಫೂ ಒಂದೊಂದು ಥರ. ನಮ್ಮ ಪುಡಿಯಲ್ಲಿ ಎಲ್ಲ ಮುಖಗಳೂ ಕಲಸಿಹೋಗಿವೆ. ಅದಕ್ಕೇ 210 ಹಾಕಿದಾಗ ಬರೋ ಸಂಖ್ಯೆಗೆ ದಶಮಾಂಶದ ನಂತರ ಮೂರು ಅಂಕಿ ಬರೆದರೆ ನನಗೆ ಬೇಸರವಾಗುತ್ತೆ.

ಕಪ್ಪು_ಶಾಯಿ · ಮಂಗಳವಾರ, ಸಂಜೆ 6:30

ತುಂಗಾತೀರ ಅವರೇ, ಹನಿ ಒಣಗಿದ ಮೇಲೆ ಒಂದು ಫೋಟೋ ತೆಗೆದು ನೋಡಿದ್ರಾ? ಅಂಚಲ್ಲಿ ಕಪ್ಪು ಬಳೆಯ ಥರ ದಟ್ಟ, ನಡುವೆ ತೆಳ್ಳಗೆ ಇದ್ದರೆ ಅದೂ ನಿಮ್ಮ ಸಂಖ್ಯೆಯನ್ನು ತಿನ್ನುತ್ತೆ. ದಟ್ಟ ಇರೋ ಕಡೆ ಒಳಗಿನ ಕಣಗಳಿಗೆ ಆಸಿಡ್ ಸರಿಯಾಗಿ ತಲುಪಲ್ಲ. ತೂಕ ಮಾತ್ರ ಲೆಕ್ಕಕ್ಕೆ ಬರುತ್ತೆ.

ನಾನು ಮಾಡೋದು: ಪುಡಿಗೆ ಮೊದಲು ನೀರು ಹಾಕಿ ಒದ್ದೆ ಮಾಡಿ, ಆಮೇಲೆ ಐಸೊಪ್ರೊಪನಾಲ್. ಒಣ ಪುಡಿಗೆ ನೇರ ಆಲ್ಕೋಹಾಲ್ ಹಾಕಿದ್ರೆ ಪ್ಲಾಟಿನಂ ಇರೋದರಿಂದ ಬೆಂಕಿ ಹತ್ತಬಹುದು, ಇದು ಹುಷಾರಾಗಿರಬೇಕಾದ ವಿಷಯ. ಸೋನಿಕೇಟರ್ ತೊಟ್ಟಿಗೆ ಐಸ್ ಹಾಕಿ, ಇಲ್ಲ ಅಂದ್ರೆ ಅರ್ಧ ಗಂಟೆಯಲ್ಲಿ ನೀರು ಬಿಸಿಯಾಗಿ ಪುಡಿ ಮತ್ತೆ ಗಂಟು ಕಟ್ಟುತ್ತೆ. ಹನಿ ಹಾಕಿದ ಮೇಲೆ ಎಲೆಕ್ಟ್ರೋಡನ್ನು ತಲೆಕೆಳಗಾಗಿ ನಿಲ್ಲಿಸಿ ನಿಧಾನವಾಗಿ ತಿರುಗಿಸ್ತಾ ಒಣಗಿಸ್ತೀನಿ. ಪದರ ಸಮವಾಗಿ ಬರುತ್ತೆ.

ಡಬ್ಬಿ ಮೇಲೆ 20% ಅಂತ ಇದ್ರೂ ಪುಡಿ ತೇವ ಹೀರಿರಬಹುದು. ಒಮ್ಮೆ ಟಿಜಿಎ (ಕಾಯಿಸ್ತಾ ತೂಕ ನೋಡೋ ಪರೀಕ್ಷೆ) ಮಾಡಿಸಿ ನಿಜವಾದ ಪ್ಲಾಟಿನಂ ಎಷ್ಟಿದೆ ಅಂತ ನೋಡ್ಕೊಳ್ಳಿ. ಆಮೇಲೆ ಅಳತೆಗೆ ಮುಂಚೆ 0.05ರಿಂದ 1.2 ವೋಲ್ಟ್‌ವರೆಗೆ ಸೆಕೆಂಡಿಗೆ 100 ಮಿಲಿವೋಲ್ಟ್‌ನಲ್ಲಿ 50 ಸುತ್ತು ಓಡಿಸಿ. ಒಂದರ ಮೇಲೊಂದು ಗೆರೆ ಕೂತ ಮೇಲೇ ದಾಖಲಿಸಬೇಕು. ಮೊದಲ ಸುತ್ತುಗಳಲ್ಲಿ ಪ್ಲಾಟಿನಂ ಮೇಲಿನ ಕೊಳೆ ಇನ್ನೂ ಹೋಗಿರಲ್ಲ.

ತುಂಗಾತೀರ · ಬುಧವಾರ, ರಾತ್ರಿ 8:15

ಒಂದೊಂದಾಗಿ ಬದಲಾಯಿಸ್ತಿದ್ದೀನಿ, ಯಾವುದು ಎಷ್ಟು ತಿಂದಿತ್ತು ಅಂತ ಗೊತ್ತಾಗಲಿ ಅಂತ. ಇವತ್ತು ಹಳೇ ಇಂಕಿನಲ್ಲೇ ಮಾಡಿದೆ. ರೆಫರೆನ್ಸನ್ನು ಹೈಡ್ರೋಜನ್‌ನಲ್ಲಿ ನೋಡಿದೆ, −0.264ರಲ್ಲಿ ಸೊನ್ನೆ ದಾಟಿತು. ಕೆಳಮಿತಿಯನ್ನು ಆರ್‌ಎಚ್‌ಇ ಲೆಕ್ಕದಲ್ಲಿ ನಿಜವಾದ 0.05ಕ್ಕೆ ಇಟ್ಟೆ, ಬೇಸ್‌ಲೈನ್ ಅಡ್ಡಡ್ಡ ಎಳೆದೆ. 18.1 ಬಂತು, ಅಂದ್ರೆ 362 ಮೈಕ್ರೋಕೂಲಂಬ್, ಗ್ರಾಂಗೆ 44 ಚದರ ಮೀಟರ್. ಪುಡಿ ಅದೇ, ಹನಿ ಅದೇ!

ಹನಿಯ ಅಂಚಲ್ಲಿ ನೀವು ಹೇಳಿದ ಕಪ್ಪು ಬಳೆ ಇದೆ. ನಾಳೆ ಹೊಸ ಇಂಕ್, ಅರ್ಧ ಗಂಟೆ ನೈಟ್ರೋಜನ್.

0.55-0.6ರ ಹತ್ತಿರ ಎರಡೂ ಕಡೆ ಒಂದು ಸಣ್ಣ ಉಬ್ಬಿದೆ. ಅದೇನು?

ಹಳೇ_ಮೇಷ್ಟ್ರು · ಬುಧವಾರ, ರಾತ್ರಿ 8:50

ಅದು ಕಾರ್ಬನ್ನಿನದು. ಅದರ ಮೇಲ್ಮೈಯಲ್ಲಿ ಕ್ವಿನೋನ್-ಹೈಡ್ರೋಕ್ವಿನೋನ್ ಗುಂಪುಗಳು ಇರುತ್ತವೆ. ಈಗ ಸಣ್ಣದಿದ್ರೆ ಚಿಂತೆ ಬೇಡ. ಅದನ್ನು ಮರೀಬೇಡ ಮಾತ್ರ. ಮುಂದೆ ಬಾಳಿಕೆ ಪರೀಕ್ಷೆ ಮಾಡಿದಾಗ ಆ ಉಬ್ಬು ದೊಡ್ಡದಾಗ್ತಾ, ಚಪ್ಪಟೆ ಜಾಗ ಅಗಲವಾಗ್ತಾ ಹೋದ್ರೆ ಕಾರ್ಬನ್ ಸವೆಯಕ್ಕೆ ಶುರುವಾಗಿದೆ ಅಂತ. ಹೈಡ್ರೋಜನ್ ಉಬ್ಬು ಮಾತ್ರ ಕುಗ್ಗಿ ಇದು ಹಾಗೇ ಇದ್ರೆ, ಪ್ಲಾಟಿನಂ ಕಣಗಳು ಕರಗಿ ಕೂಡಿ ದಪ್ಪ ಆಗಿವೆ. ಒಂದೇ ಗ್ರಾಫು ಎರಡು ಬೇರೆ ಕಾಯಿಲೆಯನ್ನು ಬೇರೆ ಬೇರೆ ತೋರಿಸುತ್ತೆ. ನನಗೆ ಸಿವಿ ಇಷ್ಟವಾಗೋದು ಇದಕ್ಕೇ.

ಸೆಲ್_ಟೆಸ್ಟಿಂಗ್ · ಗುರುವಾರ, ಬೆಳಗ್ಗೆ 8:05

ನಾನು ಪೂರ್ತಿ ಸೆಲ್ಲಿನ ಕಡೆಯವನು. ಲ್ಯಾಬಿಂದ ನಮ್ಮಲ್ಲಿಗೆ ಬರೋ ಹುಡುಗರು ಒಂದು ವಿಷಯಕ್ಕೆ ಗಾಬರಿಯಾಗ್ತಾರೆ, ಇಲ್ಲೇ ಹೇಳಿಬಿಡ್ತೀನಿ.

ಎಂಇಎಯಲ್ಲಿ (ಮೆಂಬ್ರೇನ್‌ನ ಎರಡೂ ಕಡೆ ಎಲೆಕ್ಟ್ರೋಡ್ ಸೇರಿಸಿದ ಜೋಡಣೆ) ಸಿವಿ ಮಾಡುವಾಗ ಆನೋಡಿಗೆ ಹೈಡ್ರೋಜನ್, ಕ್ಯಾಥೋಡಿಗೆ ನೈಟ್ರೋಜನ್. ಆನೋಡೇ ರೆಫರೆನ್ಸ್, ಅದೇ ಕೌಂಟರ್ (ಕರೆಂಟಿನ ದಾರಿ ಪೂರ್ತಿ ಮಾಡೋ ಎಲೆಕ್ಟ್ರೋಡ್). ಅಲ್ಲಿ ಇಡೀ ಗ್ರಾಫ್ ಮೇಲಕ್ಕೆ ಎದ್ದಿರುತ್ತೆ, ನಿಮ್ಮದಕ್ಕೆ ಉಲ್ಟಾ. ಕಾರಣ, ಮೆಂಬ್ರೇನ್ ದಾಟಿ ಬರೋ ಸ್ವಲ್ಪ ಹೈಡ್ರೋಜನ್ ಕ್ಯಾಥೋಡಿನಲ್ಲಿ ಆಕ್ಸಿಡೈಸ್ ಆಗ್ತಾನೇ ಇರುತ್ತೆ. ತೆಳು ಮೆಂಬ್ರೇನ್‌ಗೆ ಚದರ ಸೆಂಟಿಮೀಟರ್‌ಗೆ ಒಂದೆರಡು ಮಿಲಿಆಂಪಿಯರ್ ಸಹಜ. ಅದನ್ನು ಕಳೆದ ಮೇಲೆ ಏರಿಯಾ ಅಳೀಬೇಕು. ಎದ್ದಿರೋದರ ಜೊತೆ ಇಡೀ ಗ್ರಾಫ್ ಓರೆಯೂ ಆಗಿದ್ರೆ ಮೆಂಬ್ರೇನ್‌ನಲ್ಲಿ ಎಲ್ಲೋ ಶಾರ್ಟ್ ಇದೆ.

ತೇವವೂ ಮುಖ್ಯ. ಗ್ಯಾಸ್ ಒಣಗಿದ್ರೆ ಕಾರ್ಬನ್ನಿನ ಸಣ್ಣ ರಂಧ್ರಗಳೊಳಗಿನ ಪ್ಲಾಟಿನಂಗೆ ಪ್ರೋಟಾನ್ ತಲುಪಲ್ಲ, ಹೈಡ್ರೋಜನ್ ಉಬ್ಬು ಕುಗ್ಗುತ್ತೆ. ಪ್ಲಾಟಿನಂ ಎಲ್ಲೂ ಹೋಗಿರಲ್ಲ. ಅಮೆರಿಕದ ಇಂಧನ ಇಲಾಖೆಯ ಪರೀಕ್ಷೆಯಲ್ಲಿ 0.6ಕ್ಕೂ 0.95 ವೋಲ್ಟ್‌ಗೂ ನಡುವೆ 30,000 ಸುತ್ತು ಓಡಿಸಿ ಇಸಿಎಸ್‌ಎ ಎಷ್ಟು ಬಿತ್ತು ಅಂತ ನೋಡ್ತಾರೆ. ಮೊದಲ ಅಳತೆ, ಕೊನೇ ಅಳತೆ ಬೇರೆ ಬೇರೆ ತೇವದಲ್ಲಿ ಮಾಡಿದ್ರೆ ಆ ಹೋಲಿಕೆಗೆ ಅರ್ಥವೇ ಇಲ್ಲ.

ಹೇಮಾವತಿ · ಗುರುವಾರ, ಮಧ್ಯಾಹ್ನ 3:20

ನಾನು ಪ್ಲಾಟಿನಂ ಇಲ್ಲದ ಕಬ್ಬಿಣ-ನೈಟ್ರೋಜನ್-ಕಾರ್ಬನ್ ಮಾಡ್ತಿದ್ದೀನಿ. ಮೊದಲು ಹೈಡ್ರೋಜನ್ ಉಬ್ಬೇ ಇರಲಿಲ್ಲ. ಸಾವಿರ ಸುತ್ತು ಆದ ಮೇಲೆ 0.1-0.3ರ ನಡುವೆ ಚಿಕ್ಕದಾಗಿ ಕಾಣ್ತಿದೆ, ಆಕ್ಸಿಜನ್ ರಿಡಕ್ಷನ್ ಕೂಡ ಚೆನ್ನಾಗಿ ಆಗ್ತಿದೆ. ಖುಷಿಪಡಬಹುದಾ?

ಕೊಪ್ಪದ_ಕೆಮಿಸ್ಟ್ · ಗುರುವಾರ, ಮಧ್ಯಾಹ್ನ 3:45

ಕೌಂಟರ್ ಎಲೆಕ್ಟ್ರೋಡ್ ಪ್ಲಾಟಿನಂ ತಂತಿಯಾ ಅಕ್ಕ? ಹೌದಾದ್ರೆ ಈಗಲೇ ನಿಲ್ಲಿಸಿ. ಅದು ಕರಗಿ ನಿಮ್ಮ ಪುಡಿ ಮೇಲೆ ಬಂದು ಕೂತಿದೆ. ಗ್ರಾಫೈಟ್ ಕಡ್ಡಿ ಹಾಕಿ, ಹೊಸ ಹನಿ ಹಾಕಿ, ಮೊದಲಿಂದ ಮಾಡಿ. ಸೆಲ್ ಗಾಜನ್ನೂ ಪೂರ್ತಿ ತೊಳೀಬೇಕು.

ಹೇಮಾವತಿ · ಗುರುವಾರ, ಮಧ್ಯಾಹ್ನ 3:52

ಹೌದು, ಪ್ಲಾಟಿನಂ ತಂತಿ. ಮನಸ್ಸಿಗೆ ಕಷ್ಟವಾಯ್ತು, ಆದ್ರೆ ಪೇಪರ್ ಕಳಿಸೋ ಮುಂಚೆ ಕೇಳಿದ್ದು ಒಳ್ಳೇದಾಯ್ತು. ಧನ್ಯವಾದ.

ತುಂಗಾತೀರ · ಶುಕ್ರವಾರ, ಸಂಜೆ 7:05

ಬಂತು! ಹೊಸ ಇಂಕ್, ತಿರುಗಿಸಿ ಒಣಗಿಸಿದ ಪದರ, ಅರ್ಧ ಗಂಟೆ ನೈಟ್ರೋಜನ್, 50 ಸುತ್ತು. ಚಪ್ಪಟೆ ಜಾಗ ಸೊನ್ನೆಯ ಎರಡೂ ಕಡೆ ಸಮವಾಗಿದೆ. ಎರಡೂ ಉಬ್ಬು ಪೂರ್ತಿ ಕಾಣ್ತಿವೆ. ಮೇಲ್ಮುಖ, ಕೆಳಮುಖ ಏರಿಯಾ ಹತ್ತಿರ ಹತ್ತಿರ. ಸರಾಸರಿ 27.4, ಅಂದ್ರೆ 548 ಮೈಕ್ರೋಕೂಲಂಬ್, 2.61 ಚದರ ಸೆಂಟಿಮೀಟರ್. ಗ್ರಾಂಗೆ 67. ಮೂರು ಬೇರೆ ಬೇರೆ ಹನಿ ಹಾಕಿ ನೋಡಿದೆ: 67, 64, 69.

ಇನ್ನು ನನ್ನ ಪ್ಲಾಟಿನಂ-ಕೋಬಾಲ್ಟ್‌ಗೂ ಇದೇ ರೀತಿ 210 ಹಾಕಬಹುದಾ?

ಹಳೇ_ಮೇಷ್ಟ್ರು · ಶುಕ್ರವಾರ, ರಾತ್ರಿ 9:30

ತುಂಬಾ ಸಂತೋಷವಾಯ್ತಮ್ಮ. ಮೂರು ಹನಿ ಹಾಕಿ ನೋಡಿದ್ದು ಅದಕ್ಕಿಂತ ಸಂತೋಷ.

ಕೋಬಾಲ್ಟ್ ಬೆರೆತ ಮೇಲೆ 210ನ್ನು ಕಣ್ಮುಚ್ಚಿ ಹಾಕಬೇಡ. ಒಳಗೆ ಬೇರೆ ಲೋಹ ಇದ್ದಾಗ ಮೇಲಿನ ಪ್ಲಾಟಿನಂ ಹೈಡ್ರೋಜನನ್ನು ಮೊದಲಿನಷ್ಟು ಗಟ್ಟಿಯಾಗಿ ಹಿಡ್ಕೊಳ್ಳಲ್ಲ. ಉಬ್ಬು ಕುಗ್ಗುತ್ತೆ, ಏರಿಯಾ ಕಮ್ಮಿ ಬರುತ್ತೆ. ಅದರಿಂದ ಕರೆಂಟನ್ನು ಭಾಗಿಸಿದ್ರೆ, ಒಂದು ಚದರ ಸೆಂಟಿಮೀಟರ್ ಪ್ಲಾಟಿನಂ ಎಷ್ಟು ಕೆಲಸ ಮಾಡ್ತಿದೆ ಅನ್ನೋ ಸಂಖ್ಯೆ ಸುಳ್ಳೇ ಮೇಲೇರುತ್ತೆ. ಸಿವಿಯಲ್ಲಿ ತೆಗೆದ ಏರಿಯಾ ತಪ್ಪಿ, ಒಳ್ಳೇ ಕ್ಯಾಟಲಿಸ್ಟ್ ಸಿಕ್ಕಿತು ಅಂತ ನಂಬಿ ವರ್ಷ ಕಳೆದವರನ್ನು ಕಂಡಿದ್ದೀನಿ.

ಕಾರ್ಬನ್ ಮೊನಾಕ್ಸೈಡ್ ಸ್ಟ್ರಿಪ್ಪಿಂಗ್ ಮಾಡು. 0.1 ವೋಲ್ಟ್ ಹತ್ತಿರ ಹಿಡಿದು ಮೇಲ್ಮೈ ತುಂಬ ಅದನ್ನು ಕೂರಿಸಿ, ಆಸಿಡ್‌ನಲ್ಲಿ ಉಳಿದಿದ್ದನ್ನು ನೈಟ್ರೋಜನ್‌ನಿಂದ ಓಡಿಸಿ, ಆಮೇಲೆ ಸ್ಕ್ಯಾನ್. ಮೊದಲ ಸುತ್ತಲ್ಲಿ ಶುದ್ಧ ಪ್ಲಾಟಿನಂಗೆ 0.8 ವೋಲ್ಟ್ ಆಸುಪಾಸು ಒಂದು ದೊಡ್ಡ ಪೀಕ್. ಎರಡನೇ ಸುತ್ತಲ್ಲಿ ಅದು ಇರಬಾರದು. ಎರಡರ ವ್ಯತ್ಯಾಸವೇ ನಿನಗೆ ಬೇಕಾದ ಚಾರ್ಜ್. ಒಂದು ಅಣುವಿಗೆ ಎರಡು ಎಲೆಕ್ಟ್ರಾನ್, ಹಾಗಾಗಿ 420ರಿಂದ ಭಾಗಿಸು. ಶುದ್ಧ ಪ್ಲಾಟಿನಂಗೆ ಎರಡು ವಿಧಾನವೂ ಒಂದೇ ಸಂಖ್ಯೆ ಕೊಡಬೇಕು. ಮಿಶ್ರಲೋಹಕ್ಕೆ ಕಾರ್ಬನ್ ಮೊನಾಕ್ಸೈಡ್ ಏರಿಯಾ ಜಾಸ್ತಿ ಬಂದ್ರೆ, ಮೇಲೆ ಪ್ಲಾಟಿನಂ ಪದರ ಕಟ್ಟಿದೆ ಅನ್ನೋದಕ್ಕೆ ಅದೇ ಒಂದು ಸುಳಿವು.

ಆ ಗ್ಯಾಸ್ ವಿಷ. ವಾಸನೆ ಇಲ್ಲ, ಬಣ್ಣ ಇಲ್ಲ. ಫ್ಯೂಮ್ ಹುಡ್ ಒಳಗೇ ಮಾಡು, ಡಿಟೆಕ್ಟರ್ ಪಕ್ಕದಲ್ಲಿರಲಿ, ಒಬ್ಬಳೇ ಇರುವಾಗ ಬೇಡ.

ತುಂಗಾತೀರ · ಮುಂದಿನ ಬುಧವಾರ, ಸಂಜೆ 5:40

ಸರ್, ಹುಡ್ ಒಳಗೆ, ಸೀನಿಯರ್ ಅಕ್ಕನ ಜೊತೆ ಮಾಡಿದೆ. ಅಂಗಡಿ ಪುಡಿಗೆ ಕಾರ್ಬನ್ ಮೊನಾಕ್ಸೈಡ್‌ನಿಂದ 70, ಹೈಡ್ರೋಜನ್‌ನಿಂದ 67. ನನ್ನ ಪ್ಲಾಟಿನಂ-ಕೋಬಾಲ್ಟ್‌ಗೆ ಹೈಡ್ರೋಜನ್‌ನಿಂದ 38, ಕಾರ್ಬನ್ ಮೊನಾಕ್ಸೈಡ್‌ನಿಂದ 49. ಎರಡನ್ನೂ ಮೂರು ಮೂರು ಹನಿ ಹಾಕಿ ನೋಡಿದ್ದೀನಿ. ಥೀಸಿಸ್‌ನಲ್ಲಿ ಎರಡು ಸಂಖ್ಯೆಯನ್ನೂ ಬರೀತೀನಿ, ಬೇಸ್‌ಲೈನ್ ಎಳೆದ ಗ್ರಾಫ್ ಸಮೇತ.